ಮದುವೆ ಪೆಟ್ಟಿಗೆಯ ಎಡ ವೃತ್ತ

ನನ್ನ ಕೆಲಸದ ಟಿಪ್ಪಣಿ ಪುಸ್ತಕದಲ್ಲಿ ನನ್ನದೇ ಕೈಬರಹದ ಒಂದು ಸಾಲಿದೆ: ‘ಎಡ ವೃತ್ತ: ಒರಟು ಹಸ್ತ, ಒಂದು ಮರ (?), ಕೆಳಗೆ ಮೂರು ಅಲೆಗೆರೆ, ನಂತರದ ಸೇರ್ಪಡೆ, ತೆಗೆಯಬಹುದು.’ ಬರೆಯಲು ಅರ್ಧ ನಿಮಿಷವೂ ಹಿಡಿದಿರಲಾರದು. ಕೊನೆಯ ಪದವೊಂದನ್ನು ಬಿಟ್ಟರೆ ಆ ಸಾಲಿನಲ್ಲಿ ಇರುವುದೆಲ್ಲ ಸರಿಯಾಗಿಯೇ ಇದೆ. ಆ ಒಂದು ಪದದ ಬಗ್ಗೆ ಈಗ ಬರೆಯುತ್ತಿದ್ದೇನೆ.

ಆಗ ನಾನು ಚನ್ನರಾಯಪಟ್ಟಣದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುತ್ತಿದ್ದೆ. ಉಳಿದ ಹೊತ್ತಿನಲ್ಲಿ ವರದಕ್ಷಿಣೆಯ ವಿರುದ್ಧ ಭಾಷಣ ಮಾಡುತ್ತಿದ್ದೆ. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಹಾಸನದಲ್ಲಿ ನಾವು ಕೆಲವರು ಸೇರಿ ಕಟ್ಟಿಕೊಂಡಿದ್ದ ವೇದಿಕೆಗೆ ಒಂದು ಪ್ರದರ್ಶನ ಏರ್ಪಡಿಸುವ ಉತ್ಸಾಹ ಬಂದಿತು. ಮದುವೆಯಾಗಿ ಬಂದ ಹೆಣ್ಣು ತನ್ನೊಡನೆ ತಂದ ವಸ್ತುಗಳನ್ನು ಒಂದೆಡೆ ಇಡುವುದು. ಅವು ಗಂಡಿನ ಮನೆಗೆ ಸಂದ ಕಾಣಿಕೆಯಲ್ಲ, ಅವಳ ಸ್ವಂತದವು ಎಂದು ನೋಡುವವರಿಗೆ ಮನವರಿಕೆ ಮಾಡಿಕೊಡುವುದು. ವಸ್ತುಗಳನ್ನು ಶುಚಿಮಾಡಿ ಸಂರಕ್ಷಿಸುವ ಹೊಣೆ ನನ್ನ ಪಾಲಿಗೆ ಬಂದಿತು. ಹಿಂದಿನ ಬೇಸಿಗೆ ರಜೆಯಲ್ಲಿ ಮೈಸೂರಿಗೆ ಹೋಗಿ ಆರು ವಾರಗಳ ಸಂರಕ್ಷಣಾ ತರಬೇತಿ ಪಡೆದಿದ್ದವನು ನಾನೊಬ್ಬನೇ. ಆರು ವಾರ ಕಲಿತವನಿಗೆ ಎಷ್ಟು ಬರಬೇಕೋ ಅಷ್ಟು ನನಗೆ ಬರುತ್ತಿತ್ತು. ಎಷ್ಟು ಬರುವುದಿಲ್ಲ ಎಂಬುದು ಗೊತ್ತಿರಲಿಲ್ಲ.

ಆ ತರಬೇತಿಯ ಒಂದು ಮಧ್ಯಾಹ್ನ ನಮ್ಮ ಶಿಕ್ಷಕರು ಪರದೆಯ ಮೇಲೆ ಇಟಲಿಯ ಹಳೆಯ ಮದುವೆ ಪೆಟ್ಟಿಗೆಗಳ ಚಿತ್ರಗಳನ್ನು ತೋರಿಸಿದ್ದರು. ಅಲ್ಲಿ ಅಂಥ ಪೆಟ್ಟಿಗೆಗೆ ಕಸ್ಸೋನೆ ಎನ್ನುತ್ತಾರೆ. ಐನೂರು ವರ್ಷಗಳ ಹಿಂದೆ ಫ್ಲಾರೆನ್ಸಿನಂಥ ಊರುಗಳಲ್ಲಿ ಸಿರಿವಂತ ಮನೆತನಗಳು ಮದುವೆಗೆಂದು ಇವನ್ನು ಜೋಡಿಯಾಗಿ ಮಾಡಿಸುತ್ತಿದ್ದವು. ಮರದ ಮೇಲೆ ಅಂಟು ಬೆರೆಸಿದ ಬಿಳಿಯ ತಳ, ಅದರ ಮೇಲೆ ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ, ಅಲ್ಲಲ್ಲಿ ಚಿನ್ನದ ರೇಕು. ಮುಂಬದಿಯ ಎರಡು ತುದಿಗಳಲ್ಲಿ ಗುರಾಣಿಯ ಆಕಾರದ ಎರಡು ಲಾಂಛನಗಳಿರುತ್ತಿದ್ದವು: ಒಂದರಲ್ಲಿ ಎದ್ದು ನಿಂತ ಸಿಂಹ, ಇನ್ನೊಂದರಲ್ಲಿ ಓರೆಯಾಗಿ ಹಾದ ಬಣ್ಣದ ಪಟ್ಟಿ, ಹೀಗೆ. ಒಂದು ಗಂಡಿನ ಮನೆತನದ್ದು, ಇನ್ನೊಂದು ಹೆಣ್ಣಿನದು. ಯಾರ ಮನೆಗೆ ಯಾರ ಮಗಳು ಬಂದಳೆಂದು ಓದಲು ಬಲ್ಲವರು ಓದಬಹುದಾಗಿತ್ತು. ಮುಂದೆ ಪೆಟ್ಟಿಗೆ ಕೈಬದಲಾದಾಗ ಹಳೆಯ ಲಾಂಛನದ ಮೇಲೆ ಬಣ್ಣ ಬಳಿದು ಮುಚ್ಚಿಬಿಡುವುದು, ಇಲ್ಲವೇ ಅದರ ಮೇಲೆ ಬೇರೆ ಲಾಂಛನ ಬರೆಯಿಸುವುದು ಸಾಮಾನ್ಯವಾಗಿತ್ತಂತೆ. ಶಿಕ್ಷಕರು ಒಂದೇ ಗುರಾಣಿಯ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರು. ಮೊದಲನೆಯದರಲ್ಲಿ ಮಂಕು ಕಂದು ಬಣ್ಣ. ಎರಡನೆಯದರಲ್ಲಿ ಅದನ್ನು ತೆಗೆದ ಮೇಲೆ ಕಂಡ ಹೆಣ್ಣಿನ ಮನೆತನದ ಲಾಂಛನ.

ಮುಚ್ಚಿಹೋದ ಹೆಣ್ಣಿನ ಗುರುತನ್ನು ಬಯಲಿಗೆ ತಂದ ಆ ಕೈ ನನ್ನದಾಗಬೇಕೆಂದು ಅಂದು ನಾನು ಬಯಸಿದೆ. ಆ ಬಯಕೆಯಲ್ಲಿ ಕಪಟವಿರಲಿಲ್ಲ. ಅದನ್ನು ಇಲ್ಲಿ ಹೇಳುತ್ತಿರುವುದು ತಪ್ಪಿನಿಂದ ತಪ್ಪಿಸಿಕೊಳ್ಳುವುದಕ್ಕಲ್ಲ.

ಆಷಾಢದಲ್ಲಿ ಪೆಟ್ಟಿಗೆಯನ್ನು ಕಂಡೆ. ಹೊಳೆನರಸೀಪುರದಿಂದ ಅರಕಲಗೂಡಿನ ಕಡೆಗೆ ಹೋಗುವ ದಾರಿಯಲ್ಲಿ, ಬಸ್ಸಿಳಿದು ಎರಡು ಮೈಲಿ ನಡೆದರೆ ಸಿಗುವ ಊರಿನಲ್ಲಿ, ಹಿಂದೆ ಪಟೇಲಿಕೆ ನಡೆಸಿದ್ದ ಒಕ್ಕಲು ಮನೆತನವದು. ಮನೆಯ ಯಜಮಾನರು ಹೊಳೆನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದರು. ಅವರ ಹೆಂಡತಿ ಊರಿನ ಅಂಗನವಾಡಿಯ ಶಿಕ್ಷಕಿ. ಜೊತೆಗೆ ಯಜಮಾನರ ತಾಯಿ. ನಡುಮನೆಯ ಮೂಲೆಯಲ್ಲಿ ಹಲಸಿನ ಮರದ ಆ ಪೆಟ್ಟಿಗೆ ಇತ್ತು. ಕಬ್ಬಿಣದ ಪಟ್ಟಿ, ಹಿತ್ತಾಳೆಯ ಗುಬುಟು. ಯಜಮಾನರು ಬೀಗದಲ್ಲಿ ಕೀಲಿ ತಿರುಗಿಸಿ ಪಕ್ಕಕ್ಕೆ ಸರಿದು ನಿಂತರು. ಮುಚ್ಚಳವನ್ನು ನಾನೇ ಎತ್ತಿದೆ. ಅವರು ಏಕೆ ಸರಿದರೆಂದು ಆಗ ಯೋಚಿಸಲಿಲ್ಲ.

ಮುಚ್ಚಳದ ಒಳಮೈಯಲ್ಲಿ ಎರಡು ವೃತ್ತಗಳು. ಬಲಗಡೆಯದರಲ್ಲಿ ಎರಡು ತಲೆಯ ಹಕ್ಕಿ, ಪಳಗಿದ ಚಿತ್ರಗಾರನ ಕೆಲಸ: ಇಂಗಳೀಕದ ಕೆಂಪು, ಹರಿತಾಳದ ಹಳದಿ, ಕೂದಲೆಳೆಯ ಕಪ್ಪು ರೇಖೆ. ಎಡಗಡೆಯದರಲ್ಲಿ ಮಾತ್ರ ದಪ್ಪವಾಗಿ ಬಳಿದ ಕಾವಿ, ಅದರ ಮೇಲೆ ಯಾರೋ ಬೆರಳಿನಲ್ಲಿ ಬರೆದಂಥ ಒಂದು ಮರ, ಮೂರು ಗೆರೆ. ಒಂದು ಕೈ ಬಲಗಡೆಯನ್ನು ಅಷ್ಟು ನಯವಾಗಿ ಬರೆದು ಎಡಗಡೆಯನ್ನು ಹೀಗೆ ಬಿಟ್ಟಿರಲಾರದು. ನನ್ನ ಕಣ್ಣ ಮುಂದೆ ಪರದೆಯ ಮೇಲೆ ಕಂಡ ಆ ಎರಡು ಚಿತ್ರಗಳು ಬಂದು ನಿಂತವು. ಗಂಡಿನ ಮನೆತನದ ಲಾಂಛನ ಉಳಿದಿದೆ, ಹೆಣ್ಣಿನದನ್ನು ಮುಚ್ಚಿದ್ದಾರೆ. ಪ್ರದರ್ಶನಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿರಲಿಲ್ಲ.

ಯಜಮಾನರಿಗೆ ಎಲ್ಲವನ್ನೂ ವಿವರಿಸಿದೆ. “ತಗೊಂಡೋಗಿ ಸಾ. ಹೆಂಗಿದ್ರೂ ಇಲ್ಲಿ ಗೆದ್ಲಿಡಿತಾ ಕೂತೈತೆ,” ಎಂದು ಅವರು ಒಪ್ಪಿಗೆಪತ್ರಕ್ಕೆ ಸಹಿ ಹಾಕಿದರು. ಸಹಿಯ ಮಟ್ಟಿಗೆ ನನ್ನ ಕಾರ್ಯವಿಧಾನ ದೋಷರಹಿತವಾಗಿತ್ತು.

ಟೆಂಪೊಗೆ ಪೆಟ್ಟಿಗೆ ಏರಿಸುವಾಗ ಯಜಮಾನರ ತಾಯಿ ಜಗುಲಿಯ ಕಂಬ ಹಿಡಿದು ನಿಂತಿದ್ದರು. ಅರವತ್ತು ದಾಟಿದ, ಎಲುಬು ಗಟ್ಟಿಯಾದ ಹೆಂಗಸು.

“ಮೇಷ್ಟ್ರೇ, ತೊಳಿತೀರಾ ಅದನ್ನ?”

“ತೊಳೆಯೋದಲ್ಲಮ್ಮ, ಶುಚಿ ಮಾಡೋದು.”

“ಗೌರಿ ಅಬ್ಬದೊಳಗೆ ತಂದ್ಬುಡಿ. ಬಾಗಿನ ಅದ್ರೊಳಗಿಂದ್ಲೇ ತಗಿಬೇಕು. ಆಮೇಲೆ, ಆ ಎಡಗಡೇದು…”

“ಎಡಗಡೆಯದನ್ನು ನೋಡಿದೆನಮ್ಮ. ಅದಕ್ಕೇ ಒಯ್ತಿರೋದು. ಯಾರು ಮುಚ್ಚಿದ್ದಾರೋ, ಅದರ ಕೆಳಗೆ ಒಬ್ಬ ಹೆಣ್ಣುಮಗಳ ಗುರುತಿದೆ. ಅದನ್ನ ಈಚೆಗೆ ತಂದು ನಿಮ್ಮ ಮುಂದೆ ಇಡ್ತೀನಿ.”

ಅವರು ನನ್ನ ಮುಖ ನೋಡಿದರು. “ಓದಿದೋರು. ನೋಡ್ಕಂಡು ಮಾಡಿ,” ಎಂದರು.

ಕಾಲೇಜು ದಿನಗಳ ಚರ್ಚಾಸ್ಪರ್ಧೆಗಳಲ್ಲಿ ನನಗೆ ಬಹುಮಾನ ತಂದುಕೊಟ್ಟಿದ್ದು ಒಂದು ಅಭ್ಯಾಸ: ಎದುರಾಳಿಯ ವಾಕ್ಯ ಎಲ್ಲಿಗೆ ಹೋಗುತ್ತದೆಂದು ಅರ್ಧದಲ್ಲೇ ಊಹಿಸಿ, ಅದು ಮುಗಿಯುವ ಮೊದಲೇ ಉತ್ತರ ಸಿದ್ಧಪಡಿಸಿಕೊಳ್ಳುವುದು. ಆ ತಾಯಿ ನನ್ನ ಎದುರಾಳಿಯಾಗಿರಲಿಲ್ಲ. ಆದರೂ ಅವರ ವಾಕ್ಯವನ್ನು ನಾನು ಮುಗಿಯಲು ಬಿಡಲಿಲ್ಲ.

ಹಾಸನದ ಸಾಲಗಾಮೆ ರಸ್ತೆಯಲ್ಲಿ ವೇದಿಕೆಗೆ ಒಂದು ದೊಡ್ಡ ಕೋಣೆ ಸಿಕ್ಕಿತ್ತು. ಕಾಲೇಜು ಮುಗಿಸಿ ಬಸ್ಸಿನಲ್ಲಿ ಬರುವುದು, ಸಂಜೆ ಬೆಳಕಿರುವವರೆಗೂ ಕೆಲಸ. ಶನಿವಾರ, ಭಾನುವಾರ ಪೂರ್ತಿ. ನನಗೆ ನೆರವಾಗಲು ಅರಕಲಗೂಡಿನವರೊಬ್ಬರು ಬರುತ್ತಿದ್ದರು. ಮೂವತ್ತು ವರ್ಷ ಅಂಗಡಿಗಳ ನಾಮಫಲಕ ಬರೆದವರು, ನನಗಿಂತ ಇಪ್ಪತ್ತು ವರ್ಷ ಹಿರಿಯರು. ಬಣ್ಣದ ಡಬ್ಬಿಯನ್ನು ಮೂಸಿ ಅದರಲ್ಲಿ ಏನು ಬೆರೆತಿದೆ ಎಂದು ಹೇಳಬಲ್ಲವರಾಗಿದ್ದರು.

ಮೊದಲು ಛಾಯಾಚಿತ್ರ. ಮುಚ್ಚಳವನ್ನು ನೆಟ್ಟಗೆ ನಿಲ್ಲಿಸಿ, ಅಳತೆಪಟ್ಟಿ ಇಟ್ಟು, ಫ್ಲ್ಯಾಷ್ ಹಾಕಿ ನಾಲ್ಕು ಚಿತ್ರ ತೆಗೆದೆ. ರೋಲಿನಲ್ಲಿ ಇನ್ನೂ ಜಾಗವಿದ್ದುದರಿಂದ ಅದನ್ನು ತೊಳೆಯಲು ಕಳಿಸದೆ ಕ್ಯಾಮೆರಾದಲ್ಲೇ ಉಳಿಸಿದೆ. ಆಮೇಲೆ ಪರೀಕ್ಷೆ. ಎಡ ವೃತ್ತದ ಅಂಚಿನಲ್ಲಿ ಬೆರಳುಗುರಿನಷ್ಟು ಚೌಕವನ್ನು ಗುರುತಿಸಿ, ಬಿದಿರುಕಡ್ಡಿಗೆ ಸುತ್ತಿದ ಹತ್ತಿಯನ್ನು ಮೊದಲು ಉಗುಳಿನಲ್ಲಿ, ಬಳಿಕ ನೀರಿನಲ್ಲಿ, ಬಳಿಕ ಸ್ಪಿರಿಟ್‌ನಲ್ಲಿ ಅದ್ದಿ ಉರುಳಿಸಿ ನೋಡಿದೆ. ಉಗುಳಿಗೆ ಮಸಿ ಬಂದಿತು. ನೀರಿಗೆ ಏನೂ ಬರಲಿಲ್ಲ. ಸ್ಪಿರಿಟ್‌ಗೆ ಮೇಲಿನ ಅರಗಿನ ಹೊಳಪು ಕರಗಿತು. ಅದು ಹೋದಮೇಲೆ ಬೆಚ್ಚನೆಯ ನೀರಿಗೆ ಕಾವಿ ಮೆತ್ತಗಾಗಿ ಹತ್ತಿಗೆ ಅಂಟಿತು. ಹುಣಸೆಬೀಜದ ಅಂಟಿನಲ್ಲಿ ಕಲಸಿದ ಬಣ್ಣ, ಮನೆಯಲ್ಲೇ ಮಾಡಿದ್ದು. ಎಲ್ಲಕ್ಕಿಂತ ಕೆಳಗಿನ ಪದರ ಮಾತ್ರ ಎಣ್ಣೆಯಲ್ಲಿ ಕಾಯಿಸಿದ ಚಂದ್ರಸವೆಂಬ ರಾಳದ ವಾರ್ನಿಷ್ ಹೊದ್ದು, ನೀರಿಗೂ ಸ್ಪಿರಿಟ್‌ಗೂ ಜಗ್ಗದೆ ಕೂತಿತ್ತು. ಕೆಲಸ ಸುಲಭವಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಸ್ಥಿತಿ ಇಲ್ಲ.

ಆದರೆ ಆ ಚೌಕದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದಾಗ ಪದರಗಳು ಎರಡಾಗಿರಲಿಲ್ಲ. ಕೆಳಗಿನದನ್ನು ಬಿಟ್ಟು ಮೇಲೆ ನಾಲ್ಕಿದ್ದವು. ಪ್ರತಿಯೊಂದಕ್ಕೂ ತನ್ನದೇ ಕಾವಿಯ ತಳ, ತನ್ನದೇ ಬರಹ, ತನ್ನದೇ ಅರಗು. ಒಂದೊಂದರ ನಡುವೆ ಒಲೆಯ ಹೊಗೆ ಕೂತ ತೆಳ್ಳನೆಯ ಕರಿಗೆರೆ.

ನಾಮಫಲಕದವರು ಕನ್ನಡಿಯನ್ನು ಕಣ್ಣಿನಿಂದ ತೆಗೆಯದೆ ಬಹಳ ಹೊತ್ತು ನೋಡಿದರು.

“ಸಾ, ಇದು ಮುಚ್ಚಿದ್ದಲ್ಲ. ಬರ್ದಿದ್ದು.”

“ಮುಚ್ಚೋದಕ್ಕೇ ಬರೆದಿದ್ದಾರೆ.”

“ಮುಚ್ಚೋನು ಹಿಂಗೆ ಕಷ್ಟ ಬೀಳಲ್ಲ ಸಾ. ನನ್ನ ಕೇಳಿ, ಜನ್ಮೆಲ್ಲಾ ಹಳೇ ಬೋರ್ಡ್ ಮುಚ್ಚಿದೀನಿ. ಒಂದು ಕೋಟ್ ಬಳಿದ್ರೆ ಆಯ್ತು. ಇಲ್ನೋಡಿ, ಒಬ್ಬೊಬ್ರೂ ತಳ ಕಟ್ಟಿ, ಗೀಟು ಎಳ್ದು, ಅರಗು ಹಾಕವ್ರೆ. ಕೆಳಗಿರೋ ಬರವಣಿಗೇನ ಒಬ್ರೂ ಕೆರೆದಿಲ್ಲ. ಕೆರೀದೆ ಮ್ಯಾಲೆ ಬರಿಯೋದು ಅಂದ್ರೆ ಅದೇನೋ ಮರ್ಯಾದೆ ಸಾ. ಒಂದ್ಸಲ ಓಗಿ ಆ ಮನೇವ್ರನ್ನ ಕೇಳ್ಕಂಡು ಬರಣ.”

ಅವರು ಹೇಳಿದ ಪ್ರತಿ ಮಾತೂ ಸಾಕ್ಷ್ಯವಾಗಿತ್ತು. ನಾನು ಅದಕ್ಕೆ ಮೂರು ಅಂಶಗಳಲ್ಲಿ ಉತ್ತರಿಸಿದೆ. ಒಂದು, ನಾಲ್ಕು ಸಲ ಮುಚ್ಚಿದ್ದಾರೆಂದರೆ ಹೆಣ್ಣಿನ ಗುರುತನ್ನು ಅಳಿಸುವುದು ತಲೆಮಾರುಗಳಿಂದ ನಡೆದ ಪದ್ಧತಿಯೆಂದೇ ಅರ್ಥ. ಎರಡು, ಅಲಂಕಾರ ಮಾಡಿದ ಮಾತ್ರಕ್ಕೆ ಮುಚ್ಚಿದ್ದು ಮುಚ್ಚಿದ್ದಲ್ಲವೆಂದಾಗುವುದಿಲ್ಲ. ಮೂರು, ಮನೆಯ ಯಜಮಾನರನ್ನು ಆಗಲೇ ಕೇಳಿಯಾಗಿದೆ, ಅವರಿಗೆ ಏನೂ ತಿಳಿಯದು. ಇಟಲಿಯ ಉದಾಹರಣೆಯನ್ನೂ ಕೊಟ್ಟೆ.

“ಇಟ್ಲಿ ನಂಗೊತ್ತಿಲ್ಲ ಸಾ,” ಎಂದು ಅವರು ಕನ್ನಡಿ ಕೆಳಗಿಟ್ಟರು. “ನೀವು ಮಾತಾಡಕ್ಕೆ ಕುಂತ್ರೆ ನಾನು ಸೋತ್ನೇಯ. ಹತ್ತಿ ಸುತ್ಲಾ?”

ವಾದದಲ್ಲಿ ನಾನು ಗೆದ್ದೆ. ಹೊಳೆನರಸೀಪುರಕ್ಕೆ ಹಾಸನದಿಂದ ಗಂಟೆಗೊಂದರಂತೆ ಬಸ್ಸುಗಳಿದ್ದವು. ಪ್ರದರ್ಶನದ ಉದ್ಘಾಟನೆಯ ದಿನ ಗೊತ್ತಾಗಿತ್ತು, ನನ್ನ ಉಪನ್ಯಾಸದ ಶೀರ್ಷಿಕೆ ಆಹ್ವಾನಪತ್ರಿಕೆಯಲ್ಲಿ ಅಚ್ಚಾಗಿತ್ತು. ಅದೂ ಒಂದು ಕಾರಣ. ಆದರೆ ನಿಜವಾದ ಕಾರಣವೆಂದರೆ, ಕೇಳಿದರೆ ನನ್ನ ತೀರ್ಮಾನ ಬದಲಾಗಬಹುದೆಂಬ ಅಳುಕು. ಆ ಅಳುಕು ಆ ಸಂಜೆಯೇ ನನಗೆ ಅರಿವಿಗೆ ಬಂದಿತ್ತು. ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳುವ ಹಕ್ಕು ನನಗಿಲ್ಲ.

ಹನ್ನೆರಡು ದಿನ ಹಿಡಿಯಿತು. ವೃತ್ತದ ಮೇಲೆ ದಾರದಿಂದ ಚೌಕಗಳನ್ನು ಕಟ್ಟಿ, ಒಂದು ಚೌಕವನ್ನು ನಾಲ್ಕೂ ಪದರ ಇಳಿಸಿ ಮುಗಿಸಿದ ಮೇಲೆ ಪಕ್ಕದ್ದಕ್ಕೆ ಹೋಗುತ್ತಿದ್ದೆ. ಸ್ಪಿರಿಟ್, ಬೆಚ್ಚನೆಯ ನೀರು, ಒಣಹತ್ತಿ, ಮತ್ತೆ ಸ್ಪಿರಿಟ್. ಬಣ್ಣ ಹತ್ತಿದ ಹತ್ತಿಯ ಉಂಡೆಗಳನ್ನು ಒಂದು ಗಾಜಿನ ಭರಣಿಯಲ್ಲಿ ಹಾಕಿಡಬೇಕೆಂದು ತರಬೇತಿಯಲ್ಲಿ ಕಲಿಸಿದ್ದರು, ಹಾಕಿಟ್ಟೆ. ಒಂದು ಚೌಕದಲ್ಲಿ ಮೇಲಿನಿಂದ ಎರಡನೆಯ ಪದರದ ಯಾವುದೋ ಉದ್ದನೆಯ ಕೋಲಿನ ತುದಿ ಕಂಡಿತು. ಇನ್ನೊಂದರಲ್ಲಿ ಮೂರನೆಯ ಪದರದ ಚುಕ್ಕಿಗಳ ಸಾಲು. ಚೌಕ ಚೌಕವಾಗಿ ತೆಗೆದದ್ದರಿಂದ ನಡುವಿನ ಯಾವ ಪದರವನ್ನೂ ಇಡಿಯಾಗಿ ನಾನು ನೋಡಲೇ ಇಲ್ಲ. ಒಂದೊಂದೇ ಪದರವನ್ನು ಪೂರ್ತಿ ತೆರೆದು, ಚಿತ್ರ ತೆಗೆದು, ಆಮೇಲೆ ಮುಂದುವರಿಯಬಹುದಿತ್ತು. ಹಾಗೆ ಮಾಡಿದ್ದರೆ ಎರಡು ತಿಂಗಳಾಗುತ್ತಿತ್ತು.

ಕೊನೆಯ ಚೌಕ ತೆರೆದಾಗ ತಳದಲ್ಲಿ ತಾವರೆಯ ಮೇಲೆ ಕೂತ ಗಿಣಿ ಇತ್ತು. ಬಲಗಡೆಯ ಹಕ್ಕಿಯನ್ನು ಬರೆದ ಕೈಯೇ ಬರೆದದ್ದು. ಹಸಿರು ಇನ್ನೂ ಹಸಿಯಾಗಿರುವಂತೆ ಹೊಳೆಯುತ್ತಿತ್ತು. ವೇದಿಕೆಯ ಕಾರ್ಯದರ್ಶಿಗಳು ಬಂದು ನೋಡಿ ನನ್ನ ಕೈ ಕುಲುಕಿದರು. ನಾಮಫಲಕದವರು “ಚೆನ್ನಾಗೈತೆ ಸಾ,” ಎಂದು ಭರಣಿಯ ಮುಚ್ಚಳ ತಿರುಪಿ ಕಿಟಕಿಯ ಮೇಲಿಟ್ಟರು.

ಉದ್ಘಾಟನೆಗೆ ಐದು ದಿನವಿತ್ತು. ಗೌರಿ ಹಬ್ಬ ಅದಾದ ಮೂರನೆಯ ದಿನ. ಅಂಗನವಾಡಿ ಶಿಕ್ಷಕಿಯರ ಸಭೆಗೆಂದು ಹಾಸನಕ್ಕೆ ಬಂದಿದ್ದ ಆ ಮನೆಯ ಸೊಸೆ ಮಧ್ಯಾಹ್ನ ನಮ್ಮ ಕೋಣೆಯನ್ನು ಹುಡುಕಿಕೊಂಡು ಬಂದರು. ಕೈಯಲ್ಲಿ ಸಭೆಯ ಕಡತ, ಹೆಗಲಲ್ಲಿ ಬ್ಯಾಗು. ಹಬ್ಬಕ್ಕೆ ಪೆಟ್ಟಿಗೆ ಯಾವತ್ತು ಬರುತ್ತದೆಂದು ಕೇಳಲು ಬಂದವರು. ನಾನು ಹೆಮ್ಮೆಯಿಂದ ಮುಚ್ಚಳದ ಮೇಲಿನ ಬಟ್ಟೆ ಸರಿಸಿದೆ.

ಅವರು ಗಿಣಿಯನ್ನು ನೋಡಿದರು. ಹತ್ತಿರ ಬಂದು ವೃತ್ತದ ಅಂಚಿಗೆ ಬೆರಳು ಮುಟ್ಟಿಸಿದರು. ಬೆರಳನ್ನು ನೋಡಿಕೊಂಡರು.

“ನಮ್ಮತ್ತೇದು ಎಲ್ಲಿ ಸಾರ್?”

ನನಗೆ ಅರ್ಥವಾಗಲಿಲ್ಲ.

“ಮರ ಇತ್ತಲ್ಲ ಇಲ್ಲಿ. ಕೆಳಗೆ ನೀರು. ಅದು ನಮ್ಮತ್ತೆ ತವರುಮನೆ ಗುರುತು. ಎಲ್ಲಿ?”

ನಾಮಫಲಕದವರು ಒಂದು ಸ್ಟೂಲು ತಂದು ಅವರ ಬಳಿ ಇಟ್ಟರು. ಅವರು ಕೂರಲಿಲ್ಲ. ಶಾಲೆಯ ಮಕ್ಕಳಿಗೆ ಹೇಳುವಂತೆ ನಿಧಾನವಾಗಿ, ಸಿಟ್ಟಿಲ್ಲದೆ ಹೇಳಿದರು.

ಆ ಮನೆಗೆ ಬಂದ ಸೊಸೆ ಮೊದಲ ಗೌರಿ ಹಬ್ಬದ ದಿನ ಪೆಟ್ಟಿಗೆಯ ಎಡ ವೃತ್ತದಲ್ಲಿ ತನ್ನ ತವರಿನ ಗುರುತನ್ನು ತಾನೇ ಬರೆಯಬೇಕು. ಅಲ್ಲಿರುವುದು ಅತ್ತೆಯ ಗುರುತು, ಅದರ ಮೇಲೆಯೇ. ಬರೆದು ಮುಗಿಯುವವರೆಗೂ ಅತ್ತೆ ತನ್ನ ಕೈಯಲ್ಲಿ ಮುಚ್ಚಳವನ್ನು ಎತ್ತಿ ಹಿಡಿದು ನಿಂತಿರಬೇಕು. ತನ್ನ ಜಾಗವನ್ನು ತಾನೇ ಹಿಡಿದು ಕೊಡುವುದು. ಕೆಳಗಿನದನ್ನು ಕೆರೆಯುವಂತಿಲ್ಲ, ಎಲ್ಲರೂ ಒಬ್ಬರ ಕೆಳಗೊಬ್ಬರು ಅಲ್ಲೇ ಇರುತ್ತಾರೆ. ಆ ಪೆಟ್ಟಿಗೆಯನ್ನು ಗಂಡಸರು ತೆಗೆಯುವುದಿಲ್ಲ.

“ನಾನು ಬರೀಲಿಲ್ಲ ಸಾರ್,” ಎಂದರು ಆ ಸೊಸೆ. “ಮದುವೆ ಆಗಿ ಬಂದ ವರ್ಷ ಅತ್ತೆ ಮುಚ್ಚಳ ಹಿಡ್ಕೊಂಡು ನಿಂತ್ರು. ನಾನೇ ಬೇಡ ಅಂದೆ. ಅವರ ಊರು ಗೊರೂರು ಹಿನ್ನೀರಲ್ಲಿ ಮುಳುಗೋಯ್ತು. ಮನೆ ಇಲ್ಲ, ದೇವಸ್ಥಾನ ಇಲ್ಲ, ಆ ಮರ ಇಲ್ಲ. ಆ ಊರು ಅಂತ ಒಂದಿದ್ದಿದ್ದು ಇದೊಂದರಲ್ಲೇ. ಅದರ ಮೇಲೆ ನನ್ನ ತವರನ್ನ ಹೇಗೆ ಬರೀಲಿ? ಪ್ರತಿ ಗೌರಿಗೂ ಕೇಳ್ತಾರೆ, ‘ಈ ವರ್ಷ ಬರಿತಿಯೇನವ್ವ?’ ಅಂತ. ಮುಂದಿನ ವರ್ಷ ಅಂತೀನಿ. ಒಂಬತ್ತು ವರ್ಷ ಆಯ್ತು.”

ಆಮೇಲೆ ಕೇಳಿದರು: “ನಮ್ಮನೇಲಿ ಯಾರನ್ನ ಕೇಳಿದ್ರಿ ಸಾರ್ ನೀವು?”

“ನಿಮ್ಮ ಯಜಮಾನರು ಸಹಿ ಹಾಕಿದ್ದಾರೆ,” ಎಂದೆ.

“ಅವರು ಅದರ ಮುಚ್ಚಳ ಎತ್ತಿದ್ದು ನಾನಂತೂ ಕಾಣೆ,” ಎಂದರು.

ಹೆಣ್ಣಿನ ವಸ್ತುವಿನ ಮೇಲೆ ಹೆಣ್ಣಿನದೇ ಹಕ್ಕೆಂದು ಸಾರಲು ಹೊರಟ ಪ್ರದರ್ಶನಕ್ಕೆ ನಾನು ಗಂಡಸೊಬ್ಬನ ಸಹಿ ಪಡೆದಿದ್ದೆ. ಅದು ನನ್ನ ಗಮನಕ್ಕೆ ಬರಲು ಐದು ವಾರ ಬೇಕಾಗಿತ್ತು.

ಅವರು ಹೋದ ಕೂಡಲೇ ಕ್ಯಾಮೆರಾದ ರೋಲನ್ನು ಸ್ಟುಡಿಯೋಗೆ ಕೊಟ್ಟೆ. ಮೂಲದ ಚಿತ್ರವಿದ್ದರೆ ನೋಡಿ ಮತ್ತೆ ಬರೆಯಿಸಬಹುದೆಂದು ಆಸೆ. ಸಂಜೆ ನಾಲ್ಕೂ ಚಿತ್ರ ಬಂದವು. ಬಲಗಡೆಯ ಹಕ್ಕಿ ಒಂದೊಂದು ಗರಿಯನ್ನೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಎಡಗಡೆ, ಆ ತಾಯಿಯ ಅರಗಿನ ಹೊಳಪಿಗೆ ಫ್ಲ್ಯಾಷ್ ಬಡಿದು, ನಾಲ್ಕರಲ್ಲೂ ಒಂದು ಬಿಳಿಯ ಮಚ್ಚೆ. ಉಳಿದದ್ದು ನನ್ನ ಟಿಪ್ಪಣಿಯ ಆ ಒಂದು ಸಾಲು, ಕಿಟಕಿಯ ಮೇಲಿನ ಭರಣಿ.

ಕಾರ್ಯದರ್ಶಿಗಳ ಮನೆಗೆ ಹೋಗಿ ಪೆಟ್ಟಿಗೆಯನ್ನು ವಾಪಸು ಒಯ್ಯುತ್ತೇನೆಂದೆ. ಅವರು ಒಳ್ಳೆಯವರು, ನನ್ನ ಮಾತನ್ನು ಪೂರ್ತಿ ಕೇಳಿದರು.

“ತಪ್ಪಾಗಿದೆ, ಒಪ್ಪೋಣ. ಆದ್ರೆ ಗಿಣಿಯಂತೂ ಸಿಕ್ಕಿದೆಯಲ್ಲ? ಪ್ರದರ್ಶನ ಆಗ್ಲಿ, ಆಮೇಲೆ ವಾಪಸು ಕೊಡಿ. ಆ ಗಿಣೀನೂ ಒಬ್ಬ ಹೆಣ್ಣಿನದೇ ತಾನೆ?”

ಉತ್ತರಿಸಲು ಕಷ್ಟವಾದ ವಾದವದು. ಪ್ರದರ್ಶನ ಒಂದು ವಾರ ನಡೆಯುವುದಿತ್ತು. ಹಬ್ಬ ಅದರೊಳಗೇ ಬರುತ್ತಿತ್ತು. “ಹೌದು, ಅವಳದೇ,” ಎಂದೆ. “ಆದರೆ ಅದನ್ನು ತೋರಿಸಿ ನಾನು ಮಾತಾಡಿದರೆ ಪ್ರತಿ ವಾಕ್ಯವೂ ಸುಳ್ಳಾಗುತ್ತದೆ.” ಉಪನ್ಯಾಸ ನಾನು ಮಾಡುವುದಿಲ್ಲವೆಂದೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಆಹ್ವಾನಪತ್ರಿಕೆ ಎಲ್ಲ ಕಡೆ ಹೋಗಿಬಿಟ್ಟಿದೆ ಮಾರಾಯರೇ,” ಎಂದಷ್ಟೇ ಹೇಳಿದರು. ನನ್ನ ಬದಲು ಬೇರೆಯವರು ಮಾತಾಡಿದರು. ಚೆನ್ನಾಗಿ ಮಾತಾಡಿದರಂತೆ.

ಹಬ್ಬದ ಹಿಂದಿನ ದಿನವೇ ತಲುಪಿಸಬೇಕೆಂದಿದ್ದೆ. ಟೆಂಪೊ ಸಿಕ್ಕಿದ್ದು ಹಬ್ಬದ ಬೆಳಗ್ಗೆ. ನಾಮಫಲಕದವರೂ ಜೊತೆಗೆ ಬಂದರು. ಅವರ ಚೀಲದಲ್ಲಿ ಕುಂಚಗಳಿದ್ದವು. ಆ ತಾಯಿ ನೆನಪಿನಿಂದ ಹೇಳುತ್ತ ಹೋದಂತೆ ಅವರು ಬರೆದುಕೊಡುವುದೆಂದು ದಾರಿಯಲ್ಲಿ ಮಾತಾಡಿಕೊಂಡಿದ್ದೆವು.

ಸೊಸೆ ಮೊದಲೇ ಹೇಳಿದ್ದರೆಂದು ಕಾಣುತ್ತದೆ. ಆ ತಾಯಿ ಅಂಗಳಕ್ಕೆ ಬರಲಿಲ್ಲ. ಪೆಟ್ಟಿಗೆಯನ್ನು ನಡುಮನೆಯಲ್ಲಿ ಅದರ ಜಾಗದಲ್ಲೇ ಇಟ್ಟೆವು. ಗೋಡೆಯ ಬಳಿ ಬಾಗಿನದ ಮೊರಗಳು ಸಿದ್ಧವಾಗಿದ್ದವು. ನಾನು ನಿಂತುಕೊಂಡೇ, ಟೆಂಪೊದಲ್ಲಿ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ಕ್ಷಮಾಪಣೆಯ ಮಾತನ್ನು ಆರಂಭಿಸಿದೆ.

“ಸಾಕು ಸುಮ್ಕಿರಿ ಮೇಷ್ಟ್ರೇ,” ಎಂದರು ಅವರು. “ತಗೀರಿ, ನೋಡವಾ.”

ಮುಚ್ಚಳ ಎತ್ತಿದೆ. ಅವರು ನೆಲದಲ್ಲಿ ಕೂತು ಗಿಣಿಯನ್ನು ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ನಾನು ಹುಡುಕಿದ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

“ಇವ್ಳು ಯಾವೂರೋಳೋ ಪಾಪ. ಇಷ್ಟು ದಿನ ಬೆಚ್ಚಗೆ ಒಳಗಿದ್ಲು,” ಎಂದರು. ಬಳಿಕ ವೃತ್ತದ ನಡುವೆ ಅಂಗೈ ಇಟ್ಟು, “ನಮ್ಮತ್ತೇದು ನೇಗ್ಲು ಇತ್ತು. ನಾನು ಮದ್ವೆಯಾಗಿ ಬಂದಾಗ ಅವ್ರೆ ಇಡ್ಕಂಡು ನಿಂತಿದ್ರು. ‘ನೋವಾಗದಂಗೆ ಬರಿ ಕಣೇ’ ಅಂದ್ರು. ನೇಗ್ಲಿಗೆ ನೋವಾಯ್ತದಾ ಅಂತ ನಾನು ನಕ್ಕಿದ್ದೆ.” ಅಂಗೈ ತೆಗೆದು, “ಅದ್ರ ಕೆಳಗಿನೋವು ನಂಗೂ ಗೊತ್ತಿಲ್ಲ,” ಎಂದರು.

ನಾನು ಕಂಡ ಕೋಲಿನ ತುದಿ ನೇಗಿಲನ್ನು ನೊಗಕ್ಕೆ ಸೇರಿಸುವ ಈಸಿನದು. ಚುಕ್ಕಿಗಳ ಸಾಲು ಯಾರದೆಂದು ಇನ್ನು ಯಾರೂ ಹೇಳಲಾರರು.

ನಾಮಫಲಕದವರು ಮೆಲ್ಲಗೆ, “ಅಮ್ಮ, ನೀವು ಯೋಳಿ, ಅದೇ ತರ ನಾನು ಬರ್ದ್ಕೊಡ್ತೀನಿ,” ಎಂದರು.

“ನೀನು ಬರಿಯಂಗಿಲ್ಲ ಕಣಪ್ಪ. ನೀನು ಈ ಮನೆ ಸೊಸೆನಾ?”

ಅವರು ನಕ್ಕು ಚೀಲ ಮುಚ್ಚಿದರು. ಆ ತಾಯಿ ಸೊಸೆಯ ಕಡೆ ತಿರುಗಿದರು. “ಈಗಾದ್ರೂ ಬರಿತಿಯೇನವ್ವ? ಜಾಗ ಖಾಲಿ ಐತೆ.”

“ಇಲ್ಲ ಅತ್ತೆ. ನಿಮ್ಮದು ಇಲ್ದೆ ನಂದು ಯಾವುದರ ಮೇಲೆ ಕೂರುತ್ತೆ? ಮೊದಲು ನೀವು ಬರೀರಿ. ನಾನು ಮುಚ್ಚಳ ಹಿಡ್ಕೋತೀನಿ.”

“ಅತ್ತೆ ಇಡಿಬೇಕಾದ್ದ ಸೊಸೆ ಇಡಿಯಂಗಿಲ್ಲ. ನೀನು ಬಟ್ಲು ಇಡ್ಕ.” ಅವರು ನನ್ನನ್ನು ನೋಡಿದರು. “ನಮ್ಮತ್ತೆ ಜಾಗದಾಗೆ ಅವ್ರನ್ನ ಅಳಿಸ್ದೋರೆ ನಿಂತ್ಕಳ್ಳಲಿ. ಗಂಡಸ್ರು ಮುಟ್ಟಂಗಿಲ್ಲ. ನೀವು ಮುಟ್ಟಾಯ್ತಲ್ಲ. ಇಡ್ಕಳಿ ಮೇಷ್ಟ್ರೇ.”

ಹಲಸಿನ ಮರದ ಮುಚ್ಚಳ, ಕಬ್ಬಿಣದ ಪಟ್ಟಿಗಳೊಂದಿಗೆ ಹದಿನೈದು ಕಿಲೋ ಇದ್ದಿರಬೇಕು. ಕೋಣೆಯಲ್ಲಿ ನಾನು ಅದಕ್ಕೆ ಆನಿಕೆ ಕೊಟ್ಟು ನಿಲ್ಲಿಸಿದ್ದರಿಂದ ಅದನ್ನು ಹಿಡಿದೇ ನಿಲ್ಲುವುದು ಎಷ್ಟು ಭಾರವೆಂದು ನನಗೆ ಗೊತ್ತಿರಲಿಲ್ಲ. ಎರಡೂ ಕೈಯಲ್ಲಿ ಹಿಡಿದು ನಿಂತೆ. ಸೊಸೆ ಕಾವಿಯನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿದ್ದರು; ಇನ್ನೊಂದು ಬಟ್ಟಲಲ್ಲಿ ನುಣ್ಣಗೆ ಅರೆದ ಸುಣ್ಣ. ತಾಯಿ ಬಟ್ಟೆಯ ತುಂಡಿನಿಂದ ಕಾವಿ ಬಳಿಯತೊಡಗಿದರು. ಮೊದಲು ತಾವರೆ ಹೋಯಿತು, ಆಮೇಲೆ ಗಿಣಿಯ ಕಾಲು. ಆ ಹಸಿರು ನಾನು ನೋಡುತ್ತಿರುವಂತೆಯೇ ಕೆಂಪಿನ ಕೆಳಗೆ ಇಳಿಯಿತು. ಅದನ್ನು ಬಯಲಿಗೆ ತರಲು ನಾಲ್ವರನ್ನು ತೊಳೆದು ಹಾಕಿದ್ದೆ. ಅದು ಮರೆಯಾಗುವಾಗ ನನಗೆ ಸಂಕಟವಾಯಿತೆಂಬುದನ್ನೂ ಬರೆದಿಡಬೇಕು.

ಕಾವಿ ಅರೆ ಒಣಗಿದ ಮೇಲೆ ಬೆರಳನ್ನು ಸುಣ್ಣದಲ್ಲಿ ಅದ್ದಿ ಮರವನ್ನು ಬರೆದರು. ಕಾಂಡದ ಗೆರೆ ಓರೆಯಾಯಿತು, ಮತ್ತೊಮ್ಮೆ ಎಳೆದರು. ಕೊಂಬೆ, ಎಲೆಗಳಿಗೆ ಬೆರಳಿನ ಒತ್ತು. “ಅತ್ತಿಮರ. ನಮ್ಮೂರ ಹೊಳೆ ದಾಟೋ ಕಡವಿನ ಮ್ಯಾಲಿತ್ತು,” ಎಂದರು, ಯಾರಿಗೆಂದು ಹೇಳದೆ. ನನ್ನ ಟಿಪ್ಪಣಿಯ ಪ್ರಶ್ನಚಿಹ್ನೆಗೆ ಉತ್ತರ ಅಷ್ಟು ಸರಳವಾಗಿತ್ತು. ಮರ ಮುಗಿದ ಮೇಲೆ ಅವರು ಬೆರಳನ್ನು ಸೆರಗಿಗೆ ಒರೆಸಿಕೊಂಡರು.

“ನೀರು, ಅತ್ತೆ?” ಎಂದು ಸೊಸೆ ಬಟ್ಟಲನ್ನು ಮುಂದೆ ಹಿಡಿದರು. “ಮೂರು ಗೆರೆ.”

“ಬ್ಯಾಡ. ನೀರು ಸಾಕಾಗೈತೆ ಕಣವ್ವ.”

ಮುಚ್ಚಳವನ್ನು ಇಳಿಸಬಹುದೇ ಎಂಬಂತೆ ನಾನು ಸ್ವಲ್ಪ ಅಲುಗಿದೆನೆಂದು ಕಾಣುತ್ತದೆ. ಆ ತಾಯಿ ನೆಲಕ್ಕೆ ಕೈಯೂರಿ ಏಳುತ್ತ ತಲೆಯೆತ್ತಿ ನೋಡಿದರು.

“ಇನ್ನಾ ಹಸಿ ಐತೆ. ಬುಡಬ್ಯಾಡಿ,” ಎಂದರು. “ಒಣಗೋಗಂಟ ಇಡ್ಕಂಡಿರಿ.”

ಅವರು ಒಳಗೆ ಹೋದರು. ನಾನು ಹಿಡಿದುಕೊಂಡು ನಿಂತಿದ್ದೆ.